ಕೊಟ್ಟಿಗೆಯಲ್ಲಿ ಕರಿಂಡಿ

ದನದ ಕೊಟ್ಟಿಗೆಗೆ ಕಾಲಿಟ್ಟವಳು ಬೆಚ್ಚಿ ನಿಂತೆ. ಮಾವ ಮೂಲೆಯಲ್ಲಿ ಕುಳಿತು ಜೋಳದ ರೊಟ್ಟಿ ಉಣ್ಣುತ್ತಿದ್ದರು. ಅತ್ತೆ ಗಡಿಗೆಯಿಂದ ಹುಳಿ ಬರಿಸಿದ, ಘಾಟು ವಾಸನೆಯ ಕರಿಂಡಿ ಚಟ್ನಿ ಬಡಿಸುತ್ತಿದ್ದರು. ನನ್ನನ್ನು ಕಂಡದ್ದೇ ಮಾವ ತಟ್ಟೆಯನ್ನು ಹಿಂದಕ್ಕೆ ಸರಿಸಿ ಎದ್ದು ನಿಂತರು.

“ನಿನಗ ಇದರ ವಾಸನಿ ಆಗಂಗಿಲ್ಲಲ್ಲವ್ವಾ, ಅದಕ್ಕ ಇಲ್ಲೇ ಬಡಿಸೀನಿ,” ಎಂದರು ಅತ್ತೆ, ತಪ್ಪು ಮಾಡಿದವರಂತೆ.

ಮೈಸೂರು ಕಡೆಯಿಂದ ನಿಜಾಮರ ಸೀಮೆಯ ಯಲಬುರ್ಗಾಕ್ಕೆ ಸೊಸೆಯಾಗಿ ಬಂದ ಮೊದಲ ಊಟದಲ್ಲೇ ಕರಿಂಡಿಗೆ ಮೂಗು ಮುಚ್ಚಿಕೊಂಡು ಎದ್ದು ಹೋಗಿದ್ದೆ. ಆಮೇಲೆ ಅದು ಅಡುಗೆಮನೆಯಲ್ಲಿ ಕಾಣಲೇ ಇಲ್ಲ, ಮುಗಿದಿರಬೇಕು ಎಂದುಕೊಂಡಿದ್ದೆ.

ಅಂದೇ ಗಡಿಗೆಯನ್ನು ಒಳಗೆ ತಂದಿಟ್ಟೆ. ಕರಿಂಡಿ ನನಗೆ ಇಂದಿಗೂ ಸೇರದು. ಆದರೆ ಮಾವ ಬಂದರೆ ಸೊಸೆ ಏಳಬೇಕಾದ ಮನೆಯಲ್ಲಿ, ಎಂಜಲು ಕೈಯಲ್ಲಿ ನನ್ನೆದುರು ಎದ್ದು ನಿಂತವರು ಅವರು.