ದೀಪ ಉಜ್ಜುವ ದೊಡ್ಡಕ್ಕನ ಸನ್ಮಾನ

ಭಕ್ತಿಯ ಮಾರ್ಗಗಳು ಹಲವು, ಅವೆಲ್ಲ ಕೊನೆಗೆ ಸೇರುವುದು ಭಗವಂತನ ಸನ್ನಿಧಿಯನ್ನೇ ಎಂದು ತಿಳಿದವರು ಹೇಳುತ್ತಾರೆ. ನಮ್ಮ ದೊಡ್ಡಕ್ಕನ ಮಾರ್ಗ ಅಷ್ಟು ದೂರ ಹೋಗುತ್ತಿರಲಿಲ್ಲ. ಭಜನಾ ಮಂದಿರದ ಹಿಂದಿನ ಬಾವಿಕಟ್ಟೆ ಬಂದ ಕೂಡಲೇ ತೆಂಗಿನ ನಾರು ಹಿಡಿದು ಅಲ್ಲೇ ಕೂತುಬಿಡುತ್ತಿತ್ತು.

ಅವರ ಬೆರಳ ತುದಿಗಳು ಬಿಳಿಚಿಕೊಂಡು, ನೆನೆಹಾಕಿದ ಕಡಲೆಯ ಹಾಗೆ ಸುಕ್ಕಾಗಿದ್ದವು. ಅದು ವಯಸ್ಸಿನ ಕೆಲಸವಲ್ಲ, ಬಿಂಬುಳಿಯ ಕೆಲಸ. ಬೆರಳುದ್ದದ ಹಸುರು ಕಾಯಿ. ಒಂದನ್ನು ಕಚ್ಚಿದರೆ ತೀರಿಹೋದ ನೆಂಟರೆಲ್ಲ ಕಣ್ಣೆದುರು ಬರುವಷ್ಟು ಹುಳಿ. ಅವರ ಹಿತ್ತಲಿನಲ್ಲಿ ಅದರ ಮರವಿತ್ತು. ಪ್ರತಿ ಶುಕ್ರವಾರ ಮಧ್ಯಾಹ್ನ ಊಟದ ನಂತರ ಒಂದು ಬಕೆಟ್ ಬಿಂಬುಳಿ ತಂದು, ಕಲ್ಲಿನ ಮೇಲೆ ಜಜ್ಜಿ, ಶನಿವಾರದ ಭಜನೆಗೆಂದು ಮಂದಿರದ ಹಿತ್ತಾಳೆ ದೀಪಗಳನ್ನೆಲ್ಲ ಉಜ್ಜುತ್ತಿದ್ದರು. ಎತ್ತರದ ಕಾಲುದೀಪವನ್ನು ಬಿಚ್ಚಿ, ತುಂಡು ತುಂಡು ಮಾಡಿ ಸಾಲಾಗಿ ಕೂರಿಸಿ, "ನಿನ್ನ ಕುತ್ತಿಗೆಯಲ್ಲಿ ಎಂತ ಇದು, ವಾರವಿಡೀ ಎಣ್ಣೆ ಕುಡಿದು?" ಎಂದು ಬೈಯುವುದೂ ಆ ವಿಧಿಯ ಒಂದು ಅಂಗವೇ ಆಗಿತ್ತು.

ಉರ್ವದ ನಮ್ಮ ಅಡ್ಡರಸ್ತೆಯಲ್ಲಿ ಅವರು ಮದುವೆಯಾಗದೆ, ಬೀಡಿ ಕಟ್ಟಿ ತಮ್ಮಂದಿರನ್ನು ಸಾಕಿದವರು. ಮೊದಲು ತಮ್ಮಂದಿರಿಗೆ ದೊಡ್ಡಕ್ಕ, ಆಮೇಲೆ ಇಡೀ ರಸ್ತೆಗೆ. ಎಲ್ಲರ ಹತ್ತಿರ ತುಳುವಿನಲ್ಲೇ ಮಾತು. ನನ್ನ ಹತ್ತಿರ ಮಾತ್ರ ಕನ್ನಡ. ಕನ್ನಡ ಮಾಸ್ಟ್ರ ಎದುರು ತುಳು ಆಡಿದರೆ ಮಾರ್ಕು ಕಡಿಮೆಯಾದೀತೆಂಬ ಭಯವೋ ಏನೋ. ನಿವೃತ್ತನಾದ ಮೇಲೆ ಶುಕ್ರವಾರಗಳಂದು ನಾನು ಪೇಪರು ಹಿಡಿದು ಬಾವಿಕಟ್ಟೆಯಲ್ಲಿ ಕೂರುತ್ತಿದ್ದೆ, ದೇಶದ ಆಗುಹೋಗುಗಳನ್ನು ದೀಪಗಳಿಗೆ ಓದಿ ಹೇಳುವವನ ಹಾಗೆ.

"ದೊಡ್ಡಕ್ಕ, ಒಳಗೆ ಆರತಿ ಆಗ್ತಾ ಉಂಟು. ಕೈ ತೊಳೆದು ಬನ್ನಿ."

"ನೀವು ಹೋಗಿ ಮಾಸ್ಟ್ರೇ. ದೇವರನ್ನು ನೋಡ್ಲಿಕ್ಕೆ ಅಷ್ಟು ಜನ ಇದ್ದಾರೆ. ಇವುಗಳಿಗೆ ನಾನೊಬ್ಬಳೇ."

ಇದರಿಂದ ನಿಮಗೆ ಎಂತ ಸಿಗ್ತದೆ ಎಂದು ಒಮ್ಮೆ ಕೇಳಿದೆ. ದೊಡ್ಡ ಉತ್ತರ ಬಂದರೆ ಮುಂದಿನ ಯಾವುದಾದರೂ ಭಾಷಣಕ್ಕೆ ಆದೀತು ಎಂಬ ದೂರಾಲೋಚನೆ ನನ್ನದು. ಅವರು ನಾರು ಹಿಂಡಿ ಪಕ್ಕಕ್ಕಿಟ್ಟರು.

"ಉಜ್ತಾ ಉಜ್ತಾ ಒಂದು ಹೊತ್ತಿನಲ್ಲಿ ಕೈ ನನ್ನದಲ್ಲ ಅಂತ ಆಗ್ತದೆ, ಮಾಸ್ಟ್ರೇ. ಯಾರೋ ಉಜ್ಜಿಸ್ತಾ ಇದ್ದಾರೆ, ನಾನು ಸುಮ್ಮನೆ ಕೂತಿದ್ದೇನೆ ಅಂತ. ಮನೆಯಲ್ಲಿ ಪಾತ್ರೆ ತೊಳೆಯುವಾಗ ಹಾಗೆ ಆಗುವುದಿಲ್ಲ. ಅಲ್ಲಿ ಕೈಯೂ ನನ್ನದೇ, ಬೆನ್ನುನೋವೂ ನನ್ನದೇ."

ಆ ವಾಕ್ಯವನ್ನು ನಾನು ಯಾವ ಭಾಷಣದಲ್ಲೂ ಬಳಸಲಿಲ್ಲ. ವೇದಿಕೆಯ ಮೇಲೆ ಅದು ನಿಲ್ಲುವುದಿಲ್ಲ.

ಮಂದಿರದ ಈಗಿನ ಕಾರ್ಯದರ್ಶಿ ನಮ್ಮ ರಸ್ತೆಯವನೇ. ಅವನ ತಾಯಿ ಆಸ್ಪತ್ರೆಯ ಡ್ಯೂಟಿಗೆ ಹೋಗುವಾಗ ಅವನನ್ನು ದೊಡ್ಡಕ್ಕನ ಚಾಪೆಯ ಮೇಲೆ ಬಿಟ್ಟು ಹೋಗುತ್ತಿದ್ದರು. ಬೀಡಿ ಎಲೆಗಳ ನಡುವೆ ಅಂಬೆಗಾಲಿಟ್ಟು ಬೆಳೆದವನು. ಅವನ ಕಾಲದಲ್ಲಿ ಮಂದಿರಕ್ಕೆ ಹೊಸ ನೆಲ ಬಂತು, ಮಾತು ಮೂರು ಸಲ ಕೇಳಿಸುವ ಮೈಕು ಬಂತು, ದುಬೈಯ ದಾನಿಯೊಬ್ಬರಿಂದ ಆಳೆತ್ತರದ ಜೋಡಿ ದೀಪಗಳೂ ಬಂದವು. ಕಪ್ಪಾಗದ ಹಾಗೆ ಮೇಲೊಂದು ಪಾರದರ್ಶಕ ಬಣ್ಣ ಬಳಿದಿದ್ದರು.

"ದೊಡ್ಡಕ್ಕ, ಇದನ್ನು ಉಜ್ಜುವುದು ಬೇಡ. ಬಟ್ಟೆಯಲ್ಲಿ ಒರೆಸಿದರೆ ಸಾಕು" ಎಂದು ಅವನು ಹೇಳಿದ್ದ. ದೊಡ್ಡಕ್ಕ ತಲೆಯನ್ನೂ ಆಡಿಸಿದ್ದರು. ಆದರೆ ಎಣ್ಣೆ ಹಾಕಿ ಉರಿಸಿದ ದೀಪವನ್ನು ತೊಳೆಯದೆ ಶನಿವಾರ ದೇವರೆದುರು ಇಡುವುದೆಂದರೆ, ಉಂಡ ಎಲೆಯಲ್ಲೇ ಮತ್ತೆ ಬಡಿಸಿದ ಹಾಗಲ್ಲವೇ? ಒಂದೇ ಶುಕ್ರವಾರ ತಡೆದುಕೊಂಡರು. ಎರಡನೆಯ ಶುಕ್ರವಾರ ಬಿಂಬುಳಿ ಗೆದ್ದಿತು. ಸಂಜೆಯ ಹೊತ್ತಿಗೆ ಜೋಡಿ ದೀಪಗಳು ಪೊರೆ ಬಿಡುತ್ತಿರುವ ಹಾವುಗಳ ಹಾಗೆ ನಿಂತಿದ್ದವು. ದಾನಿಯವರು ಊರಿಗೆ ಬರಲು ಹೆಚ್ಚು ದಿನ ಉಳಿದಿರಲಿಲ್ಲ.

ಯಾರೂ ಬೈಯಲಿಲ್ಲ. "ಹೋಗ್ಲಿ ಬಿಡಿ ದೊಡ್ಡಕ್ಕ, ಎಂತ ದೊಡ್ಡ ಸಂಗತಿ" ಎಂದು ಕಾರ್ಯದರ್ಶಿ ನಕ್ಕುಬಿಟ್ಟ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ವಾರ ಅವನು ಹೆಂಡತಿ ಸಮೇತ ಅವರ ಮನೆಗೆ ಹೋಗಿ, ವಾರ್ಷಿಕೋತ್ಸವದಲ್ಲಿ ಸನ್ಮಾನವೆಂದು ಹೇಳಿದ.

"ನನಗೆಂತಕ್ಕೆ ಮಾರಾಯ? ನಾನು ಎಂತ ಮಾಡಿದ್ದೇನೆ, ನಿನ್ನ ದೀಪ ಹಾಳು ಮಾಡಿದ್ದು ಬಿಟ್ಟರೆ?"

"ನೀವು ಬರದಿದ್ದರೆ ಕಾರ್ಯಕ್ರಮವೇ ಇಲ್ಲ."

ಅಭಿನಂದನಾ ಭಾಷಣ ನನಗೆ ಬಂತು. ನಮ್ಮ ಊರಿನಲ್ಲಿ ಯಾರಿಗೆ ಸನ್ಮಾನವಾದರೂ ಅದು ನನಗೇ ಬರುತ್ತದೆ. ಆ ದಿನ ಮಾತ್ರ ಮನಸ್ಸಿಟ್ಟು ಮಾತಾಡಿದೆ. ದೊಡ್ಡಕ್ಕ ಹಸುರು ಸೀರೆ ಉಟ್ಟು, ಹೆಗಲಿಗೆ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು, ತಪ್ಪು ಬಸ್ಸು ಹತ್ತಿದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನನ್ನ ಮಾತು ಮುಗಿದದ್ದೇ ಕಾರ್ಯದರ್ಶಿ ಮೈಕು ತೆಗೆದುಕೊಂಡ.

"ಇಷ್ಟು ವರ್ಷ ದುಡಿದ ನಮ್ಮ ದೊಡ್ಡಕ್ಕನಿಗೆ ಇಂದಿನಿಂದ ಸಮಿತಿ ವಿಶ್ರಾಂತಿ ಕೊಡ್ತಾ ಉಂಟು. ಇನ್ನು ಮುಂದೆ ದೀಪಗಳನ್ನು ಕ್ಲೀನಿಂಗ್ ಏಜೆನ್ಸಿಯವರೇ ನೋಡಿಕೊಳ್ತಾರೆ. ಎಲ್ಲರೂ ಒಮ್ಮೆ ಜೋರು ಚಪ್ಪಾಳೆ!"

ಜೋರು ಚಪ್ಪಾಳೆ ಬಿತ್ತು. ದೊಡ್ಡಕ್ಕನೂ ತಟ್ಟಿದರು, ಎಲ್ಲರೂ ತಟ್ಟುತ್ತಿದ್ದಾರೆಂದು. ಆಮೇಲೆ ನನ್ನ ಕಡೆ ಬಾಗಿದರು.

"ಎಂತ ಹೇಳಿದ್ದು ಮಾಸ್ಟ್ರೇ ಅವನು?"

"ನೀವು ರೆಸ್ಟ್ ಮಾಡ್ಬೇಕಂತೆ."

"ಮಾಡ್ತೇನೆ. ಶುಕ್ರವಾರ ಬಿಟ್ಟು."

"ಶುಕ್ರವಾರ ಕೂಡ ಅಂತೆ, ದೊಡ್ಡಕ್ಕ."

ಅವರು ಬುಟ್ಟಿಯ ಪ್ಲಾಸ್ಟಿಕ್ಕನ್ನು ಬೆರಳಿನಿಂದ ಉಜ್ಜುತ್ತಾ ಕೂತರು. ಫೋಟೋದವನು ನಗಿ ಎಂದಾಗ ನಕ್ಕರು.

ಆದರೂ ಮುಂದಿನ ಶುಕ್ರವಾರ ಬಕೆಟ್ ಹಿಡಿದು ಹೋದರು. ಬಾವಿಯ ಕಡೆಯ ಗೇಟಿಗೆ ಬೀಗ ಬಿದ್ದಿತ್ತು. ಅಲ್ಲಿಂದ ಸೀದಾ ನನ್ನ ಮನೆಗೆ ಬಂದು, ಒಳಗೆ ಬನ್ನಿ ಎಂದರೂ ಬರದೆ, ಮೆಟ್ಟಿಲಲ್ಲೇ ನಿಂತು ಕೇಳಿದರು:

"ನಿಮಗೆ ಗೊತ್ತಿತ್ತಾ?"

"ದೇವರಾಣೆ ಗೊತ್ತಿರ್ಲಿಲ್ಲ."

"ಭಾಷಣ ನೀವೇ ಮಾಡಿದ್ದಲ್ವಾ?"

ನನಗೂ ಮೋಸವಾಗಿದೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಆ ಬಕೆಟ್ಟಿನ ಎದುರು ನನ್ನ ಮೋಸ ತೀರ ಸಣ್ಣದಾಗಿ ಕಂಡಿತು. ಕಾರ್ಯದರ್ಶಿಯನ್ನು ಹೋಗಿ ಕೇಳಿದೆ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಎಂತ ಮಾಸ್ಟ್ರೇ ನೀವು! ಸನ್ಮಾನ ಮಾಡಿದ್ದೇವಲ್ಲ? ಸುಮ್ಮನೆ ಬರ್ಬೇಡಿ ಅಂತ ಹೇಳ್ಬಹುದಿತ್ತು, ಹೇಳಿದ್ದೇವಾ? ಅವರ ಕೈಯಲ್ಲಿ ಬೆಳೆದವ ನಾನು."

ಕೊನೆಗೆ ನಾನೇ ಅವರನ್ನು ಬಿಜೈ ಕಡೆಯ ಒಂದು ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದವನು ಗೋಡೆಯ ಬೋರ್ಡು ತೋರಿಸಿ, ದೀಪದ ಸೇವೆಯಾದರೆ ರಶೀದಿ ಮಾಡಿಸಿ ಎಂದ.

"ಮಾಡಿಸುವುದಲ್ಲ ಮಗಾ, ನಾನೇ ಮಾಡುವುದು. ಉಜ್ಜಿ ಕೊಡುವುದು."

ಅವನು ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಪ್ರಾಮಾಣಿಕವಾಗಿ ಓದಿದ. "ಅಂಥ ಸೇವೆ ನಮ್ಮಲ್ಲಿ ಇಲ್ಲ ಅಮ್ಮ."

ಬಸ್ಸಿನಲ್ಲಿ ವಾಪಸು ಬರುವಾಗ ಅವರು ನನ್ನ ಹತ್ತಿರ ತುಳುವಿನಲ್ಲೇ ಮಾತಾಡಿದರು. ಅಂದಿನಿಂದ ನಾನು ಅವರ ಪಾಲಿಗೆ ಮಾಸ್ಟ್ರಲ್ಲ, ರಸ್ತೆಯ ಉಳಿದವರ ಹಾಗೆ ಒಬ್ಬ. ಅದು ಬಡ್ತಿಯೋ ಹಿಂಬಡ್ತಿಯೋ ನಾನು ಕೇಳಲಿಲ್ಲ.

ದೊಡ್ಡಕ್ಕ ಮತ್ತೆ ಮಂದಿರಕ್ಕೆ ಕಾಲಿಡಲಿಲ್ಲ. ಹೋದ ವರ್ಷ ಮಳೆಗಾಲ ಹಿಡಿಯುವ ಮೊದಲು ತೀರಿಕೊಂಡರು. ಆ ಶನಿವಾರ ಭಜನೆಗೆ ಮುಂಚೆ ಸಮಿತಿಯವರು ಒಂದು ನಿಮಿಷ ಮೌನ ಆಚರಿಸಿದರು.