ಹುಳಿಯಾರು ಮೇಲೆ ಬಂದ ದಿನ

ಮೊನ್ನೆ ಕಾರಿನ ಇನ್ಶೂರೆನ್ಸ್ ಕಾಗದ ಹುಡುಕಲು ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆಗೆದರೆ ಒಳಗಿನಿಂದ ನಶ್ಯದ ವಾಸನೆ ಬಂತು. ನಮ್ಮ ಮನೆಯಲ್ಲಿ ಈಗ ನಶ್ಯ ಏರಿಸುವವರು ಯಾರೂ ಇಲ್ಲ. ಕೈ ಹಾಕಿದೆ. ದೊಡ್ಡಪ್ಪನ ರಸ್ತೆ ನಕ್ಷೆ... ಮಡಿಕೆಗಳಲ್ಲೆಲ್ಲ ಹರಿದು, ಹಿಂದಿನಿಂದ ಟೇಪು ಅಂಟಿಸಿಕೊಂಡು, ಹೇಗೋ ಒಂದಾಗಿ ಕೂತಿತ್ತು. ಮೊದಲು ಸೀನು ಬಂತು, ಆಮೇಲೆ ಅವರ ನೆನಪು.

ಚಿಕ್ಕನಾಯಕನಹಳ್ಳಿ ಹತ್ತಿರದ ನಮ್ಮ ತೋಟದ ಮನೆಯಿಂದ ಯಾರೇ ಎಲ್ಲಿಗೇ ಹೊರಟರೂ ಕಾರಿನ ಮುಂದಿನ ಸೀಟು ದೊಡ್ಡಪ್ಪನದೇ. ಪ್ರಾಯದಲ್ಲಿ ಕೊಬ್ಬರಿ ಲಾರಿಗಳ ಜೊತೆ ಊರೂರು ಸುತ್ತಿದವರು. ನಕ್ಷೆಯನ್ನು ತೊಡೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ನಶ್ಯದ ಡಬ್ಬಿಯನ್ನು ಅದರ ಮೇಲಿಟ್ಟು, ಬೆರಳನ್ನು ಕಾರಿಗಿಂತ ಒಂದು ಊರು ಮುಂದೆ ಓಡಿಸುತ್ತಿದ್ದರು. ನನ್ನ ಫೋನು ದಾರಿ ಹೇಳತೊಡಗಿದರೆ ಮುಖ ಊದಿಸಿಕೊಳ್ಳುತ್ತಿದ್ದರು. “ಆ ಹುಡ್ಗಿ ಬಾಯಿ ಮುಚ್ಸು ಕಣ್ಲಾ. ಇಲ್ಲಾ, ನನ್ನ ಇಳ್ಸಿ ಅವಳನ್ನೇ ಕೂರ್ಸ್ಕೊಂಡು ಹೋಗು.”

ಹೆದ್ದಾರಿಗಳ ನಂಬರು ಬದಲಾದಾಗ ಅವರು ಪಟ್ಟ ಸಂಕಟ ನೋಡಬೇಕಿತ್ತು. ತಿಪಟೂರಿನ ಮೇಲೆ ಹೋಗುವ ರಸ್ತೆ ಅವರ ಪಾಲಿಗೆ ಯಾವತ್ತೂ ಇನ್ನೂರಾರು. ಅದೀಗ ಎಪ್ಪತ್ತಮೂರು ಎಂದಾಗ, “ಮೀಸೆ ಬಂದ ಮಗೀಗೆ ತಿರ್ಗಾ ನಾಮಕರಣ ಮಾಡ್ತಾರೇನ್ಲಾ?” ಎಂದು ರೇಗಿದ್ದರು. ಆದರೂ ನಕ್ಷೆಯಲ್ಲಿ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಂಡರು. ಬೆಸ ಸಂಖ್ಯೆಯ ರಸ್ತೆ ಮೂಡಣ ಪಡುವಣಕ್ಕೆ, ಸರಿ ಸಂಖ್ಯೆಯದು ತೆಂಕಣ ಬಡಗಣಕ್ಕೆ ಎಂಬ ಸೂತ್ರವನ್ನು ಯಾರಿಂದಲೋ ಕಲಿತು ಬಂದು ನಮ್ಮೆಲ್ಲರಿಂದ ಮಗ್ಗಿಯ ಹಾಗೆ ಹೇಳಿಸಿದರು. ರಸ್ತೆಬದಿಯ ಬೋರ್ಡುಗಳು ಮಾತ್ರ ಒಂದು ಕಡೆ ಇನ್ನೂರಾರು, ಮೈಲಿ ಮುಂದೆ ಎಪ್ಪತ್ತಮೂರು ಎನ್ನುತ್ತಲೇ ಇದ್ದವು.

ಆ ಎಪ್ಪತ್ತಮೂರರ ಪಕ್ಕದಲ್ಲೇ, ಕಿಬ್ಬನಹಳ್ಳಿ ಕ್ರಾಸಿಗೆ ಸ್ವಲ್ಪ ಮುಂಚೆ, ನನ್ನ ಸೋದರತ್ತೆಯ ಮನೆ. ದೊಡ್ಡಪ್ಪನಿಗೆ ಇದ್ದ ಒಬ್ಬಳೇ ತಂಗಿ. ಆ ವರ್ಷ ಅತ್ತೆ ಹೃದಯದ ಕಾಯಿಲೆಯಲ್ಲಿ ಹಾಸಿಗೆ ಹಿಡಿದಿದ್ದರು. ತಂಗಿ ಎದ್ದು ಕೂತರೆ ಧರ್ಮಸ್ಥಳಕ್ಕೆ ಬರುತ್ತೇನೆಂದು ದೊಡ್ಡಪ್ಪ ಹರಕೆ ಹೊತ್ತರು. ಅತ್ತೆ ಎದ್ದು ಕೂತರು. ದೊಡ್ಡಪ್ಪ, ದೊಡ್ಡಮ್ಮ, ನಾನು ಮೂವರೂ ಹೋಗಿ ಹರಕೆ ತೀರಿಸಿದೆವು. ಅಲ್ಲಿಂದ ಬರುವಾಗ ನಡುವೆ ಯಾರ ಮನೆಗೂ ಹೋಗಬಾರದು, ಸೀದಾ ನಮ್ಮ ಮನೆಯನ್ನೇ ಸೇರಬೇಕು, ಇಲ್ಲವಾದರೆ ಹರಕೆ ಸಲ್ಲುವುದಿಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ.

ಜಾವಗಲ್ ದಾಟುವಾಗ ಅತ್ತೆಯ ಫೋನು ಬಂತು. ಸ್ಪೀಕರಿಗೆ ಹಾಕಿದೆ.

“ಎಲ್ಲಿದ್ದೀಯ ಅಣ್ಣಯ್ಯಾ?”

“ಜಾವಗಲ್ ಬುಟ್ವಿ ಕಣವ್ವ.”

“ಹಂಗಾರೆ ಇನ್ನೆರಡು ಗಂಟೇಲಿ ನಮ್ಮನೆ ಮುಂದೆ ಬತ್ತೀಯ. ಇಳೀಬ್ಯಾಡ, ನಂಗೊತ್ತಿಲ್ವಾ? ಕಾರೂ ನಿಲ್ಲಿಸ್ಬ್ಯಾಡ. ಬರೀ ಗಾಜು ಇಳ್ಸು. ಜಗಲಿ ಮೇಲೆ ಕೂತಿರ್ತೀನಿ, ಮುಖ ನೋಡ್ಕೋತೀನಿ. ಅಷ್ಟು ಸಾಕು.”

“ಹೂಂ ಕಣವ್ವ,” ಎಂದರು ದೊಡ್ಡಪ್ಪ.

ಬಾಣಾವರದಲ್ಲಿ ದಾರಿ ಒಡೆಯುತ್ತದೆ. ಬಲಕ್ಕೆ ಹೊರಳಿ ಎಪ್ಪತ್ತಮೂರನ್ನೇ ಹಿಡಿದರೆ ಅರಸೀಕೆರೆ, ತಿಪಟೂರು, ಅತ್ತೆಯ ಮನೆ, ಆಮೇಲೆ ಕ್ರಾಸಿನಲ್ಲಿ ತಿರುಗಿದರೆ ನಮ್ಮೂರ ದಾರಿ. ಅರವತ್ತೊಂಬತ್ತು ಹಿಡಿದರೆ ಹುಳಿಯಾರು ಮೇಲೆ ಬಂದು ಆ ಕಡೆಯಿಂದ ನಮ್ಮೂರು. ಆಗ ಅತ್ತೆಯ ಮನೆ ಸಿಗುವುದಿಲ್ಲ. ದೊಡ್ಡಪ್ಪನ ಬೆರಳು ಬಾಣಾವರದ ಮೇಲೆ ನಿಂತೇಬಿಟ್ಟಿತ್ತು.

“ಹುಳಿಯಾರು ಮೇಲೆ ನಡಿ ಕಣ್ಲಾ.”

ಹಿಂದಿನಿಂದ ದೊಡ್ಡಮ್ಮ, “ಅದ್ಯಾಕ್ರೀ? ಈಗ ತಾನೆ ಹೂಂ ಅಂದ್ರಿ. ಪಾಪ, ಕಾಯ್ಕೊಂಡು ಕೂತಿರ್ತಾಳೆ ಕಣ್ರೀ!” ಎಂದರು.

“ಕಂಡ್ರೆ ಇಳಿದ್ಬುಡ್ತೀನಿ ಕಣೇ. ನನ್ನ ಕೈಲಿ ತಡ್ಕೊಳಾಕೆ ಆಗಾಕಿಲ್ಲ. ಅವಳಿಗೇ ಅಂತ ಹೊತ್ತ ಹರಕೆ, ಅವಳ ಮನೆ ಮುಂದೇನೇ ಕೆಡಿಸ್ಲಾ? ನಾಳೆ ಹೊತ್ತಾರೆ ಪ್ರಸಾದ ತಗೊಂಡು ನಾನೇ ಹೋಯ್ತೀನಿ.”

ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಒಂದು ಮಾತು ಆಡಬಹುದಿತ್ತು... ಅವರು ಹೇಳಿದ ದಾರಿಯನ್ನು ನಾನು ಅಲ್ಲಿಯತನಕ ಒಮ್ಮೆಯೂ ಮೀರಿರಲಿಲ್ಲ. ಹುಳಿಯಾರಿನ ಕಡೆ ತಿರುಗಿಸಿದೆ. ಅತ್ತೆಗೆ ಫೋನು ಮಾಡಿ ಹೇಳಿಬಿಡಿ ಎಂದು ದೊಡ್ಡಮ್ಮ ಎರಡು ಸಲ ನೆನಪಿಸಿದರು. “ಮನೆ ಸೇರ್ಕೊಂಡು ಮಾಡಾನ ಬುಡು,” ಎಂದರು ದೊಡ್ಡಪ್ಪ. ಮನೆ ಸೇರಿದ ಮೇಲೆ ನಮ್ಮಲ್ಲಿ ಯಾರಿಗೂ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಪ್ರಸಾದದ ಪೊಟ್ಟಣವನ್ನು ಜೇಬಿಗಿಟ್ಟುಕೊಂಡು ದೊಡ್ಡಪ್ಪ ಚಪ್ಪಲಿ ಮೆಟ್ಟುತ್ತಿದ್ದಾಗ ಕಿಬ್ಬನಹಳ್ಳಿಯಿಂದಲೇ ಫೋನು ಬಂತು. ಮಲಗಿದ ಅತ್ತೆ ಏಳಲಿಲ್ಲವಂತೆ.

ನಾವು ಹೋದಾಗ ಅತ್ತೆಯ ಸೊಸೆ ದೊಡ್ಡಪ್ಪನ ಮುಂದೆ ಕೂತು ಅಳುತ್ತಳುತ್ತ ಹೇಳಿಕೊಂಡಳು. “ಸಂಜೆಗಂಟ ಜಗಲಿ ಬುಟ್ಟು ಏಳ್ಲಿಲ್ಲ ಮಾವ. ಬಿಳೀ ಕಾರು ಬಂದಾಗ್ಲೆಲ್ಲಾ ಕೈ ಎತ್ತೋರು. ಕೊನೇಗೆ ನೀವು ಹಾರ್ನ್ ಹೊಡ್ದು ಹೋದ್ರಲ್ಲ, ಆಗ ನಗ್ತಾ ಒಳಕ್ಕೆ ಬಂದ್ರು. ‘ಅಣ್ಣಯ್ಯ ಹೋದ ಕಣೇ, ಕಣ್ಣು ಮಂಜು, ಮುಖ ಸರಿಯಾಗಿ ಕಾಣ್ಲಿಲ್ಲ’ ಅಂದ್ರು. ಒಂದು ತುತ್ತು ಹೆಚ್ಗೇನೇ ಉಂಡ್ರು.”

ನಮ್ಮದೂ ಬಿಳಿ ಕಾರೇ. ಆ ಹೆದ್ದಾರಿಯಲ್ಲಿ ಬಿಳಿ ಕಾರಿಗೇನು ಬರ? ಯಾರೋ, ಎಲ್ಲಿಗೋ ಹೋಗುವವರು...

ದೊಡ್ಡಪ್ಪ ನನ್ನ ಕಡೆ ನೋಡಿದರು. ಗೊತ್ತಿಲ್ಲದ ಊರಿನಲ್ಲಿ ದಾರಿ ತಪ್ಪಿದಾಗ ನಾನು ಅವರ ಕಡೆ ನೋಡುತ್ತಿದ್ದೆನಲ್ಲ, ಹಾಗೆ.

“ಹೂಂ ಕಣಮ್ಮ, ನಾನೇ ಹೊಡ್ದಿದ್ದು,” ಎಂದೆ.

ಆಮೇಲೆ ದೊಡ್ಡಪ್ಪ ಮುಂದಿನ ಸೀಟಿನಲ್ಲಿ ಕೂರಲೇ ಇಲ್ಲ. ಆಸ್ಪತ್ರೆಗೆ ಕರೆದೊಯ್ಯುವಾಗಲೂ ಹಿಂದೆ ಕೂತು ಕಣ್ಣು ಮುಚ್ಚಿರುತ್ತಿದ್ದರು. ಯಾವ ದಾರಿಯಲ್ಲಿ ಹೋಗಲಿ ಎಂದು ಬೇಕೆಂದೇ ಕೇಳುತ್ತಿದ್ದೆ. “ನಿಂಗೆ ತಿಳಿದಂಗೆ ಹೋಗಪ್ಪ,” ಎನ್ನುತ್ತಿದ್ದರು. ನನ್ನನ್ನು ‘ಲಾ’ ಎನ್ನುವುದೂ ನಿಂತುಹೋಗಿತ್ತು. ಆ ಹಾರ್ನಿನ ಮಾತನ್ನು ನಾವಿಬ್ಬರೂ ಒಮ್ಮೆಯೂ ಎತ್ತಲಿಲ್ಲ. ಹೋದ ವರ್ಷ ಅವರೂ ಹೋದರು.

ನಿನ್ನೆ ತಿಪಟೂರಿನಿಂದ ಬರುವಾಗ ಅತ್ತೆಯ ಮನೆಯ ಮುಂದೆ ಕಾರು ನಿಲ್ಲಿಸಿದೆ. ರಸ್ತೆ ಅಗಲ ಮಾಡುವಾಗ ಜಗಲಿ ಹೋಗಿದೆ. ಬಾಗಿಲು ದಾಟಿದರೆ ಎರಡೇ ಹೆಜ್ಜೆಗೆ ಟಾರು. ಸೊಸೆ ಕಾಫಿ ಕೊಟ್ಟು ಎದುರಿಗೆ ಕೂತಳು. ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡವಳ ಹಾಗೆ ಕೇಳಿದಳು.

“ಭಾವ, ಅವತ್ತು ಮಾವ ಗಾಜು ಇಳ್ಸಿದ್ರಾ? ಅತ್ತೆಗೆ ಅದೊಂದೇ ಅನುಮಾನ ಇತ್ತು.”

“ಇಳ್ಸಿದ್ರು ಕಣಮ್ಮ,” ಎಂದೆ. “ಕೈನೂ ಆಚೆ ಹಾಕಿದ್ರು.”