ಎರಡನೇ ಬರೆ

1979ರ ಬೇಸಿಗೆಯಲ್ಲಿ, ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ, ನನ್ನ ಅಕ್ಕನ ಆರು ವರ್ಷದ ಮಗಳ ನಾಲಿಗೆಗೆ ಕಾಯಿಸಿದ ಡಬ್ಬಣದಿಂದ ಬರೆ ಹಾಕಿದರು. ಹಾಕಿದವಳು ಅಕ್ಕನ ಅತ್ತೆ. ಹುಡುಗಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಮಾತಾಡಲು ಹೋದರೆ ಮಾತ್ರ ಬಾಯಿ ತಡಕಾಡುತ್ತಿತ್ತು. ಮೊದಲ ಬರೆಗೆ ಮಾತು ಬರದಿದ್ದರೆ ಅಮಾವಾಸ್ಯೆಗೆ ಇನ್ನೊಂದು ಹಾಕುವುದು ಆ ಮನೆಯ ರೂಢಿ.

ಅಮಾವಾಸ್ಯೆಗೆ ಮೊದಲೇ ನಾನು ಅಕ್ಕ, ಭಾವ, ಹುಡುಗಿ ಮೂವರನ್ನೂ ನಾನಿದ್ದ ರಾಯಚೂರಿಗೆ ಕರೆಸಿದೆ. ಮಾತಿನ ತೊಂದರೆ ಪರೀಕ್ಷಿಸುವ ಡಾಕ್ಟರಮ್ಮ ಮೈಸೂರು ಕಡೆಯವರು. "ಪ, ತ, ಕ ಅನ್ನು ಪುಟ್ಟಿ, ಬೇಗ ಬೇಗ" ಎಂದರು. ಹುಡುಗಿ "ಪ" ಎಂದಳು, ನಿಂತಳು, ಮತ್ತೆ "ಪ" ಎಂದಳು.

"ನಾಲಿಗೆ ಎಡಗಡೆ ತಿರುಗಿಸು."

ಬಾಯಿ ತೆರೆದುಕೊಂಡಿತು. ನಾಲಿಗೆ ಕದಲಲಿಲ್ಲ.

"ಹಟ ಮಾಡಾಕತ್ತಾಳ್ರಿ, ಅವರಜ್ಜಿ ಹಂಗ" ಎಂದು ಭಾವ ಕಪಾಳಕ್ಕೆ ಬಾರಿಸಿದ. ತುಟಿ ಒಡೆಯಿತು. ಎಡ ಮೂಲೆಯಲ್ಲಿ ಇಳಿದ ರಕ್ತವನ್ನು ಹುಡುಗಿ ಅಳುತ್ತಲೇ ನಾಲಿಗೆಯಿಂದ ನೆಕ್ಕಿಕೊಂಡಳು.

"ನೋಡ್ರಿ! ಈಗ ಹ್ಯಾಂಗ ತಿರುಗಿತು? ಕಳ್ಳಿ!"

ಡಾಕ್ಟರಮ್ಮ ಎದ್ದು ಇಬ್ಬರ ನಡುವೆ ನಿಂತರು. "ಕಾಯಿಲೆ ಇರೋದೇ ಅಲ್ಲಿ. ನಾಲಿಗೆಗೆ ಶಕ್ತಿ ಇದೆ. ತಾನಾಗಿ ಆಡುತ್ತೆ, ಆಡಿಸಬೇಕು ಅಂತ ಹೊರಟರೆ ದಾರಿ ಸಿಗಲ್ಲ. ದಿನಾ ಅಭ್ಯಾಸ ಮಾಡಿಸಿದರೆ ಮಾತು ಬರಬಹುದು. ಬರೆ ಹಾಕಿದರೆ ಇರೋದೂ ಹೋಗುತ್ತೆ."

"ಹೊಡದ್ರ ತಿರುಗ್ತದ, ಕೇಳಿದ್ರ ತಿರುಗೂದಿಲ್ಲ. ಇದ್ಯಾವ ಬ್ಯಾನಿ ಯವ್ವಾ?" ಎಂದು ಭಾವ ನಕ್ಕ.

ಅಮಾವಾಸ್ಯೆಯ ಮುಂಜಾನೆ ನಾನು ಕಲ್ಲೂರಿನಲ್ಲಿದ್ದೆ. ನಾನು ಒಳಗೆ ಹೋಗುವಷ್ಟರಲ್ಲಿ ಭಾವ ಮಗಳ ಕಾಲು ಒತ್ತಿ ಹಿಡಿದಿದ್ದ. ಅತ್ತೆ ಒಲೆಯಿಂದ ಡಬ್ಬಣ ತೆಗೆದಳು.

"ಬಾಯಿ ತೆಗಿ ಬೇ, ಮಾತು ಒಳಗ ಕುಂತದ."

ಅಕ್ಕ ಕಾದ ಡಬ್ಬಣವನ್ನು ಬರಿಗೈಯಲ್ಲಿ ಹಿಡಿದಳು. ಅತ್ತೆ ಎಳೆದಳು, ಅಕ್ಕ ಬಿಡಲಿಲ್ಲ. ಚರ್ಮ ಸುಟ್ಟ ವಾಸನೆ ಬಂತು. ಭಾವ ಎದ್ದು ಅಕ್ಕನ ಬೆನ್ನಿಗೆ ಒದ್ದ. ನಾನು ಅವನನ್ನು ಗೋಡೆಗೆ ದಬ್ಬಿದೆ. ಅವನ ಹುಬ್ಬು ಸೀಳಿತು. ಹುಡುಗಿ ಬಾಗಿಲಾಚೆ ಓಡಿದಳು.

ಅಂದೇ ಅಕ್ಕ ಮಗಳೊಂದಿಗೆ ದೇವದುರ್ಗದ ತವರಿಗೆ ಬಂದಳು. ಅಲ್ಲಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ರಾಯಚೂರಿಗೆ ಹೋಗಿ, ಕನ್ನಡಿ ಮುಂದೆ ಕೂತು ಪ, ತ, ಕ ಹೇಳುವ ಅಭ್ಯಾಸ ನಡೆಯಿತು.

1986ರ ಹೊತ್ತಿಗೆ ಹುಡುಗಿ ನಿಧಾನವಾಗಿ ಪೂರ್ತಿ ವಾಕ್ಯ ಹೇಳುತ್ತಿದ್ದಳು. ಅಕ್ಕನ ಸುಟ್ಟ ಬಲಗೈಯ ಬೆರಳುಗಳು ನೆಟ್ಟಗಾಗುತ್ತಿರಲಿಲ್ಲ. ಭಾವ ಒಮ್ಮೆಯೂ ದೇವದುರ್ಗಕ್ಕೆ ಬಂದಿರಲಿಲ್ಲ.